ಸಸ್ಕಾಚೆವನ್ ದಾರಿ ಬದಲಾಗಿದೆ: ಮೊದಲು ಕೆಲಸ, ಆಮೇಲೆ ಅರ್ಜಿ

ಭಾನುವಾರ ಬೆಳಿಗ್ಗೆ ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ಸಸ್ಕಟೂನ್‌ನ ನನ್ನ ಮನೆಗೆ ಊರಿನಿಂದ ಒಂದಾದರೂ ಫೋನ್ ಬರುತ್ತದೆ. ಗೆಳೆಯನ ತಮ್ಮ, ಹೆಂಡತಿಯ ಕಡೆಯವರು, ಯಾರೋ ನಂಬರ್ ಕೊಟ್ಟರು ಅಂತ ಮಾಡಿದವರು. ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಣ್ಣಾ, ನನಗೆ ಇಷ್ಟು ಅಂಕ ಬರುತ್ತೆ, ಸಸ್ಕಾಚೆವನ್‌ಗೆ ಅರ್ಜಿ ಹಾಕಲಾ?" ಐದಾರು ವರ್ಷದ ಹಿಂದೆ ಆಗಿದ್ದರೆ ನಾನು ವಲಸೆಗೆ ಬೇಕಾದ ಅಂಕ ಕೂಡಿಸಿ ನೋಡಿ ಹೌದು ಅಥವಾ ಬೇಡ ಅನ್ನುತ್ತಿದ್ದೆ. ಈಗ ನಾನೇ ತಿರುಗಿ ಕೇಳುತ್ತೇನೆ: ಕೆಲಸ ಕೊಡುವವರು ಯಾರು?

ಈ ಪ್ರಶ್ನೆಗೆ ಉತ್ತರ ಇಲ್ಲದೆ ಹಣ ಕಟ್ಟಿ ಕೂತವರನ್ನು ನೋಡಿ ನೋಡಿ ಸಂಕಟವಾಗಿದೆ. ಅದಕ್ಕೇ ನನಗೆ ಗೊತ್ತಿರುವುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿಡುತ್ತಿದ್ದೇನೆ. ನಾನು ವಕೀಲ ಅಲ್ಲ, ಏಜೆಂಟೂ ಅಲ್ಲ. ಅರ್ಜಿ ಹಾಕುವ ದಿನ ಸರ್ಕಾರದ ವೆಬ್‌ಸೈಟಿನಲ್ಲಿ ಇರುವ ನಿಯಮವೇ ಕೊನೆಯ ಮಾತು.

ಏನಾಯಿತು ಅಂತ ಮೊದಲು ತಿಳಿಯಿರಿ

ಸಸ್ಕಾಚೆವನ್ ಅಂದರೆ ಕೆನಡಾದ ನಡುಭಾಗದ ಬಯಲು ಸೀಮೆ. ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಮೂರು ಪಟ್ಟಿಗಿಂತ ಜಾಸ್ತಿ, ಜನ ಮಾತ್ರ ಸುಮಾರು 12 ಲಕ್ಷ. ಗೋಧಿ, ಕನೋಲ, ಪೊಟ್ಯಾಶ್ ಗಣಿ. ನಮ್ಮ ಅಂಗಡಿಗಳಿಗೆ ಬರುವ ಮಸೂರ ಬೇಳೆ, ಹಳದಿ ಬಟಾಣಿಯಲ್ಲಿ ಎಷ್ಟೋ ಇಲ್ಲಿಯ ಹೊಲಗಳಲ್ಲಿ ಬೆಳೆದದ್ದೇ. ಜನ ಕಡಿಮೆ, ಕೆಲಸ ಇದೆ. ಅದಕ್ಕೇ ಈ ಪ್ರಾಂತ್ಯ ತನಗೆ ಬೇಕಾದವರನ್ನು ತಾನೇ ಆರಿಸಿ ಕೇಂದ್ರ ಸರ್ಕಾರಕ್ಕೆ ಹೆಸರು ಕಳಿಸುತ್ತದೆ. ಹಾಗೆ ಹೆಸರು ಕಳಿಸುವುದನ್ನೇ ನಾಮಿನೇಷನ್ ಅನ್ನುತ್ತಾರೆ. ಈ ಕಾರ್ಯಕ್ರಮದ ಹೆಸರು ಸಸ್ಕಾಚೆವನ್ ಇಮಿಗ್ರೆಂಟ್ ನಾಮಿನಿ ಪ್ರೋಗ್ರಾಂ, ಇಲ್ಲಿ ಎಲ್ಲರೂ ಎಸ್‌ಐಎನ್‌ಪಿ ಅನ್ನುತ್ತಾರೆ. ಪಿಆರ್, ಅಂದರೆ ಕಾಯಂ ಆಗಿ ನೆಲೆಸುವ ಅನುಮತಿ, ಕೊಡುವುದು ಕೇಂದ್ರವೇ, ಆದರೆ ಪ್ರಾಂತ್ಯದ ಕಾಗದ ಕೈಯಲ್ಲಿದ್ದರೆ ದಾರಿ ತುಂಬಾ ಹಗುರವಾಗುತ್ತದೆ.

2024ರ ಅಕ್ಟೋಬರ್‌ನಲ್ಲಿ ಕೆನಡಾ ಸರ್ಕಾರ ವಲಸೆ ಸಂಖ್ಯೆಯನ್ನು ಕಡಿಮೆ ಮಾಡಿತು. ಎಲ್ಲ ಪ್ರಾಂತ್ಯಗಳ ನಾಮಿನೇಷನ್ ದಾರಿ ಸೇರಿ 2025ಕ್ಕೆ 1,20,000 ಜನ ಅಂತ ಮೊದಲು ಇದ್ದ ಗುರಿ ಒಂದೇ ಏಟಿಗೆ 55,000ಕ್ಕೆ ಇಳಿಯಿತು. ಸಸ್ಕಾಚೆವನ್‌ನ ಪಾಲು 7,250ರಿಂದ 3,625ಕ್ಕೆ ಬಂತು. ಸರಿಯಾಗಿ ಅರ್ಧ. ಸಾಲದ್ದಕ್ಕೆ, ಅದರಲ್ಲಿ ಶೇ 75ರಷ್ಟು ಈಗಾಗಲೇ ಕೆನಡಾದೊಳಗೆ ತಾತ್ಕಾಲಿಕ ವೀಸಾದಲ್ಲಿ ಇರುವವರಿಗೇ ಹೋಗಬೇಕು ಅಂತ ಕೇಂದ್ರ ಷರತ್ತು ಹಾಕಿತು. 2025ರ ಆಗಸ್ಟ್‌ನಲ್ಲಿ ಇನ್ನಷ್ಟು ಸೇರಿಸಿ 4,761 ಮಾಡಿದರು, ಆದರೂ ಹಳೆಯ ಸಂಖ್ಯೆಗೆ ಹೋಲಿಸಿದರೆ ಕಡಿಮೆಯೇ. 2026ಕ್ಕೆ ದೇಶದ ಒಟ್ಟು ಗುರಿಯನ್ನು 91,500ಕ್ಕೆ ಏರಿಸಿದ್ದಾರೆ. ಸ್ವಲ್ಪ ಉಸಿರು ಬಂದಿದೆ, ಅಷ್ಟೇ.

ಸೀಟು ಕಡಿಮೆಯಾದಾಗ ಪ್ರಾಂತ್ಯ ಏನು ಮಾಡುತ್ತದೆ? ಇಲ್ಲಿ ಯಾರಿಗೆ ಕೆಲಸ ಕಾದಿದೆಯೋ ಅವರನ್ನು ಮುಂದೆ ಕರೆಯುತ್ತದೆ. 2025ರ ಮಾರ್ಚ್‌ನಲ್ಲಿ ಸಸ್ಕಾಚೆವನ್ ಅದನ್ನೇ ಮಾಡಿತು. ವ್ಯಾಪಾರ ಹೂಡಿಕೆಯ ವಿಭಾಗ, ಜಮೀನು ಕೊಂಡು ಬರುವ ರೈತರ ವಿಭಾಗ, ಇಲ್ಲಿ ಓದಿ ಉದ್ಯಮ ತೆರೆಯುವವರ ವಿಭಾಗ, ಮೂರನ್ನೂ ಮುಚ್ಚಿತು. ಉದ್ಯೋಗದಾತರ ಬೆಂಬಲ ಇರುವವರಿಗೆ, ಅದರಲ್ಲೂ ಕೆಲವೇ ಕ್ಷೇತ್ರದವರಿಗೆ ಬಾಗಿಲು ತೆರೆದಿಟ್ಟಿತು.

ಅದೇ ತಿಂಗಳು ಇನ್ನೊಂದು ಬದಲಾವಣೆ ಬಂತು. ಜನ ಎರಡನ್ನೂ ಕಲಸಿಕೊಳ್ಳುತ್ತಾರೆ. ಅಂಕದ ಮೇಲೆ ವಲಸಿಗರನ್ನು ಆರಿಸುವ ಕೇಂದ್ರದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಜಾಬ್ ಆಫರ್‌ಗೆ ಸಿಗುತ್ತಿದ್ದ 50 ಅಥವಾ 200 ಅಂಕವನ್ನು 2025ರ ಮಾರ್ಚ್ 25ರಿಂದ ತೆಗೆದುಹಾಕಿದರು. ಆಫರ್ ಲೆಟರ್ ದುಡ್ಡಿಗೆ ಮಾರಾಟವಾಗುತ್ತಿತ್ತು, ಅದನ್ನು ತಡೆಯಲು. ಹಾಗಾಗಿ ಆಫರ್‌ನ ತೂಕ ಈಗ ಮುಖ್ಯವಾಗಿ ಪ್ರಾಂತ್ಯದ ಮೂಲಕವೇ ಸಿಗುತ್ತದೆ. ಎಕ್ಸ್‌ಪ್ರೆಸ್ ಎಂಟ್ರಿಗೆ ಜೋಡಿಸಿದ ವಿಭಾಗದಲ್ಲಿ ಪ್ರಾಂತ್ಯ ನಾಮಿನೇಟ್ ಮಾಡಿದರೆ ಅಲ್ಲಿ 600 ಅಂಕ ಸೇರುತ್ತದೆ, ಅದು ಹಾಗೆಯೇ ಇದೆ.

ಹೆಜ್ಜೆ 1: ನೀವು ಯಾವ ಸಾಲಿನಲ್ಲಿ ನಿಂತಿದ್ದೀರಿ

ಇದನ್ನು ನೋಡದೆ ಮುಂದಿನ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಮೂರು ಸಾಲು ಇವೆ.

ಮೊದಲನೆಯದು ಆದ್ಯತೆಯ ಕ್ಷೇತ್ರ. 2025ರಲ್ಲಿ ಇದರಲ್ಲಿ ಆರೋಗ್ಯ, ಕೃಷಿ, ಕೌಶಲದ ಕಸುಬು ಇದ್ದವು. ಕಸುಬು ಅಂದರೆ ವೆಲ್ಡರ್, ಎಲೆಕ್ಟ್ರಿಷಿಯನ್, ಪ್ಲಂಬರ್, ಹೆವಿ ಮೆಷಿನ್ ಮೆಕ್ಯಾನಿಕ್ ತರಹದವು. ಹೊರದೇಶದಿಂದ ನೇರವಾಗಿ ಜನರನ್ನು ಕರೆಸಲು ಉದ್ಯೋಗದಾತರಿಗೆ ಅವಕಾಶ ಉಳಿದದ್ದು ಇವುಗಳಲ್ಲೇ. 2026ಕ್ಕೆ ಆದ್ಯತೆಯ ಪಟ್ಟಿಗೆ ಗಣಿ, ತಯಾರಿಕೆ, ಇಂಧನ, ತಂತ್ರಜ್ಞಾನವೂ ಸೇರಿದವು, ಒಟ್ಟು ನಾಮಿನೇಷನ್‌ನಲ್ಲಿ ಕನಿಷ್ಠ ಅರ್ಧ ಈ ಪಟ್ಟಿಯವರಿಗೆ ಅಂತ ಇಟ್ಟರು.

ಎರಡನೆಯದು ಮಿತಿ ಹಾಕಿದ ಕ್ಷೇತ್ರ. ಹೋಟೆಲ್ ಮತ್ತು ಊಟ ತಿಂಡಿಯ ವ್ಯಾಪಾರ, ಟ್ರಕ್ಕಿಂಗ್, ಚಿಲ್ಲರೆ ಅಂಗಡಿ. ಒಟ್ಟು ನಾಮಿನೇಷನ್‌ನಲ್ಲಿ ಈ ಮೂರಕ್ಕೂ ಸೇರಿ ಶೇ 25. ಒಳಗೆ ಹಂಚಿದರೆ ಹೋಟೆಲ್‌ಗೆ ಶೇ 15, ಟ್ರಕ್ಕಿಂಗ್‌ಗೆ 5, ಅಂಗಡಿಗಳಿಗೆ 5. ಈ ಸಾಲಿನಲ್ಲಿ ಕೆನಡಾದ ಒಳಗೆ ವರ್ಕ್ ಪರ್ಮಿಟ್‌ನಲ್ಲಿ ಇರುವವರಿಗೆ ಮಾತ್ರ ಜಾಗ. ಅವರೂ ಪರ್ಮಿಟ್ ಮುಗಿಯಲು 6 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಉಳಿದಾಗ ಮಾತ್ರ ಅರ್ಜಿ ಹಾಕಬಹುದು, ಅದೂ ಸರ್ಕಾರ ಬಾಗಿಲು ತೆರೆಯುವ ದಿನಗಳಲ್ಲಿ. ಅಂದರೆ ದಾವಣಗೆರೆಯಲ್ಲಿ ಕೂತ ನಿಮಗೆ ಯಾರಾದರೂ "ಸಸ್ಕಾಚೆವನ್‌ನಲ್ಲಿ ರೆಸ್ಟೋರೆಂಟ್ ಸೂಪರ್‌ವೈಸರ್ ಕೆಲಸ, ನೇರ ನಾಮಿನೇಷನ್" ಅಂದರೆ, ಅವರಿಗೆ ನಿಯಮ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳುತ್ತಿಲ್ಲ. ಸ್ಪಾ, ಸಲೂನ್, ಸಾಕುಪ್ರಾಣಿ ಆರೈಕೆಯ ಅಂಗಡಿಗಳನ್ನಂತೂ ಪೂರ್ತಿ ಹೊರಗಿಟ್ಟಿದ್ದಾರೆ. ಪಶುವೈದ್ಯರ ಕ್ಲಿನಿಕ್‌ಗೆ ಆ ನಿಷೇಧ ಇಲ್ಲ.

ಉಳಿದ ಎಲ್ಲ ಕೆಲಸಗಳದು ಮೂರನೇ ಸಾಲು. ಅಲ್ಲಿ ಈಗಾಗಲೇ ಪ್ರಾಂತ್ಯದೊಳಗೆ ದುಡಿಯುತ್ತಿರುವವರಿಗೆ ಬಲ ಜಾಸ್ತಿ.

ಇಲ್ಲಿ ಎಷ್ಟೋ ಜನ ಎಡವುವ ಒಂದು ವಿಷಯ ಇದೆ. ನಿಮ್ಮ ಹುದ್ದೆಯ ಹೆಸರನ್ನು ಮಾತ್ರ ನೋಡಬೇಡಿ, ಕಂಪನಿ ಯಾವ ವ್ಯಾಪಾರದಲ್ಲಿದೆ ಅಂತಲೂ ನೋಡಿ. ಮಿತಿ ಹಾಕಿರುವುದು ವ್ಯಾಪಾರದ ಮೇಲೆ. ದೊಡ್ಡ ಹೋಟೆಲೊಂದು ನಿಮ್ಮನ್ನು ಅಕೌಂಟೆಂಟ್ ಅಂತ ಕರೆದರೂ ಅದು ಹೋಟೆಲಿನ ಪಾಲಿನಿಂದಲೇ ಹೋಗುವ ಸಂಭವ ಇದೆ. ಕಂಪನಿಯನ್ನೇ ನೇರವಾಗಿ ಕೇಳಿ.

ಹೆಜ್ಜೆ 2: ಅಂಕದ ಲೆಕ್ಕ ನೀವೇ ಮಾಡಿ

ಸ್ಕಿಲ್ಡ್ ವರ್ಕರ್ ವಿಭಾಗದಲ್ಲಿ 110ಕ್ಕೆ 60 ಅಂಕ ಬೇಕು. ವಿದ್ಯೆಗೆ ಗರಿಷ್ಠ 23, ಅನುಭವಕ್ಕೆ 15, ಭಾಷೆಗೆ ಮೊದಲ ಭಾಷೆಯಲ್ಲಿ 20 ಮತ್ತು ಎರಡನೆಯದರಲ್ಲಿ 10, ವಯಸ್ಸಿಗೆ 12. ಪ್ರಾಂತ್ಯದ ಜೊತೆಗಿನ ನಂಟಿಗೆ 30. ಒಪ್ಪಿಗೆ ಪಡೆದ ಜಾಬ್ ಆಫರ್ ಇದ್ದರೆ ಆ ಮೂವತ್ತೂ ನಿಮ್ಮದೇ.

ಒಬ್ಬ ಹುಡುಗಿಯ ಲೆಕ್ಕ ಹಾಕೋಣ. ವಯಸ್ಸು 30, ಬಿಎಸ್ಸಿ ನರ್ಸಿಂಗ್, ಮಂಗಳೂರಿನ ಆಸ್ಪತ್ರೆಯಲ್ಲಿ 4 ವರ್ಷ ಕೆಲಸ. ಐಇಎಲ್‌ಟಿಎಸ್ ಜನರಲ್ ಪರೀಕ್ಷೆಯ ನಾಲ್ಕೂ ಭಾಗದಲ್ಲಿ 6. ಅಂದರೆ ಕೆನಡಾದ ಅಳತೆಯಲ್ಲಿ ಸಿಎಲ್‌ಬಿ 7. ಪದವಿಗೆ 20, ಅನುಭವಕ್ಕೆ 8, ಭಾಷೆಗೆ 18, ವಯಸ್ಸಿಗೆ 12. ಒಟ್ಟು 58. ಓದಿದ್ದಾಳೆ, ದುಡಿದಿದ್ದಾಳೆ, ಇಂಗ್ಲಿಷ್ ಚೆನ್ನಾಗಿದೆ, ಆದರೂ ಎರಡು ಅಂಕ ಕಡಿಮೆ. ಇಲ್ಲಿಯ ಆಸ್ಪತ್ರೆಯೊಂದು ಕೆಲಸ ಕೊಟ್ಟು ಅದಕ್ಕೆ ಪ್ರಾಂತ್ಯದ ಒಪ್ಪಿಗೆ ಸಿಕ್ಕರೆ 88. ಅದೇ ಹುಡುಗಿ, ಅದೇ ಸರ್ಟಿಫಿಕೇಟು. ಬದಲಾಗಿದ್ದು ಬೆನ್ನ ಹಿಂದೆ ನಿಂತವರು.

ಜಾಬ್ ಆಫರ್ ದಾರಿಯಲ್ಲಿ ಭಾಷೆಯ ಕನಿಷ್ಠ ಮಟ್ಟ ಸಿಎಲ್‌ಬಿ 4. ಐಇಎಲ್‌ಟಿಎಸ್‌ನಲ್ಲಿ ಕೇಳುವುದಕ್ಕೆ 4.5, ಓದುವುದಕ್ಕೆ 3.5, ಬರೆಯಲು ಮತ್ತು ಮಾತಿಗೆ 4. ಕೇಳಲು ಸುಲಭ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಅಂಕಕ್ಕಾಗಿ ಅಲ್ಲ, ಚಳಿಗಾಲದ ರಾತ್ರಿ ಕಾರು ಕೆಟ್ಟಾಗ ಫೋನಿನಲ್ಲಿ ನೀವು ಎಲ್ಲಿದ್ದೀರಿ ಅಂತ ಸರಿಯಾಗಿ ಹೇಳೋಕೆ ಬರಬೇಕಲ್ವಾ.

ಕೆಲಸದ ಅನುಭವ ಆ ಹುದ್ದೆಗೆ ಹೊಂದುವಂತಿರಬೇಕು. ಕಳೆದ 10 ವರ್ಷದಲ್ಲಿ ಕನಿಷ್ಠ 1 ವರ್ಷ. ಹತ್ತಿರದ 5 ವರ್ಷದ ಅನುಭವಕ್ಕೆ ಜಾಸ್ತಿ ಅಂಕ, ಅದಕ್ಕೂ ಹಿಂದಿನದಕ್ಕೆ ಕಡಿಮೆ.

ಹೆಜ್ಜೆ 3: ಊರಲ್ಲಿರುವಾಗಲೇ ಕಾಗದ ಜೋಡಿಸಿ

ಆಫರ್ ಬಂದ ಮೇಲೆ ಕಾಗದ ಹುಡುಕಲು ಹೊರಟರೆ ತಿಂಗಳುಗಳು ಹೋಗುತ್ತವೆ. ಉದ್ಯೋಗದಾತರು ಅಷ್ಟು ಕಾಯುವುದಿಲ್ಲ.

ಪದವಿಯ ಮೌಲ್ಯಮಾಪನ ಅಂತ ಒಂದಿದೆ, ಇಸಿಎ ಅನ್ನುತ್ತಾರೆ. ನಿಮ್ಮ ಬಿಇ ಅಥವಾ ಬಿಎಸ್ಸಿ ಕೆನಡಾದ ಯಾವ ಪದವಿಗೆ ಸಮ ಅಂತ ಒಂದು ಸಂಸ್ಥೆ ಬರೆದುಕೊಡುತ್ತದೆ. ಹೆಚ್ಚಿನವರು ಡಬ್ಲ್ಯುಇಎಸ್‌ನಲ್ಲಿ ಮಾಡಿಸುತ್ತಾರೆ. ಅದಕ್ಕೆ ವಿಶ್ವವಿದ್ಯಾಲಯವೇ ನೇರವಾಗಿ ಟ್ರಾನ್ಸ್‌ಕ್ರಿಪ್ಟ್ ಕಳಿಸಬೇಕು. ವಿಟಿಯು ಆದರೆ ಬೆಳಗಾವಿ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಆದರೆ ಬೆಂಗಳೂರಿನ ಜಯನಗರ. ಹೆಸರಿನಲ್ಲಿ ಒಂದಕ್ಷರ ಆಚೀಚೆ ಇದ್ದರೂ ಮೊದಲೇ ಸರಿ ಮಾಡಿಸಿಕೊಳ್ಳಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಆಧಾರ್‌ನಲ್ಲಿ ಊರಿನ ಹೆಸರು. ನಮ್ಮ ಕಡೆಯವರಿಗೆ ಇದು ಮಾಮೂಲಿ ತಲೆನೋವು. ಒಂದು ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಇಸಿಎ 5 ವರ್ಷ, ಭಾಷಾ ಪರೀಕ್ಷೆಯ ಫಲಿತಾಂಶ 2 ವರ್ಷ ನಡೆಯುತ್ತದೆ. ಪರೀಕ್ಷೆಯನ್ನು ತೀರಾ ಬೇಗ ಬರೆದು ಅವಧಿ ಮುಗಿಸಿಕೊಳ್ಳಬೇಡಿ.

ಅನುಭವ ಪತ್ರದಲ್ಲಿ ಹುದ್ದೆ, ಸೇರಿದ ಮತ್ತು ಬಿಟ್ಟ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಏನೇನು ಕೆಲಸ ಮಾಡುತ್ತಿದ್ದಿರಿ, ಇಷ್ಟೂ ಇರಬೇಕು. ನಮ್ಮಲ್ಲಿ ಕೊಡುವ "ಇವರ ನಡತೆ ಉತ್ತಮವಾಗಿತ್ತು" ಅನ್ನುವ ಎರಡು ಸಾಲಿನ ಪತ್ರ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹಳೆಯ ಕಂಪನಿಯ ಎಚ್‌ಆರ್‌ ಜೊತೆ ಜಗಳ ಆಡಿಕೊಂಡು ಬಂದಿದ್ದರೆ ಈಗಲೇ ಹೋಗಿ ಮಾತಾಡಿ.

ಲೈಸೆನ್ಸ್ ಬೇಕಾದ ಕೆಲಸವಾದರೆ ಅದು ಎಲ್ಲಕ್ಕಿಂತ ಉದ್ದದ ದಾರಿ, ಅದನ್ನೇ ಮೊದಲು ಹಿಡಿಯಿರಿ. ನರ್ಸ್‌ಗಳ ದಾಖಲೆ ಪರಿಶೀಲನೆ ಎನ್‌ಎನ್‌ಎಎಸ್ ಮೂಲಕ ನಡೆಯುತ್ತದೆ, ನೋಂದಣಿ ಕೊಡುವುದು ಸಸ್ಕಾಚೆವನ್‌ನ ರಿಜಿಸ್ಟರ್ಡ್ ನರ್ಸ್‌ಗಳ ಕಾಲೇಜು, ಬರೆಯಬೇಕಾದ ಪರೀಕ್ಷೆ ಎನ್‌ಕ್ಲೆಕ್ಸ್. ಕಾಲೇಜು ಅಂದರೆ ಪಾಠ ಮಾಡುವ ಜಾಗ ಅಂದುಕೊಳ್ಳಬೇಡಿ, ಇಲ್ಲಿ ವೃತ್ತಿಯ ನೋಂದಣಿ ಸಂಸ್ಥೆಗೇ ಹಾಗೆ ಹೆಸರು. ನಮ್ಮ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಿಂದಲೂ ಕಾಗದ ಹೋಗಬೇಕಾಗುತ್ತದೆ. ಎಲೆಕ್ಟ್ರಿಷಿಯನ್, ಪ್ಲಂಬರ್ ಆಗಿದ್ದರೆ ಇಲ್ಲಿಯ ಅಪ್ರೆಂಟಿಸ್‌ಶಿಪ್ ಆಯೋಗ ನಿಮ್ಮ ಅನುಭವವನ್ನು ಅಳೆಯುತ್ತದೆ. ಊರಲ್ಲಿ 15 ವರ್ಷ ವೈರಿಂಗ್ ಮಾಡಿದ್ದೇನೆ ಅಂದರೆ ಸಾಲದು. ಯಾರ ಬಳಿ, ಯಾವಾಗ, ಎಷ್ಟು ಗಂಟೆ ಅಂತ ಕಾಗದ ಬೇಕು. ಐಟಿಐ ಸರ್ಟಿಫಿಕೇಟನ್ನು ಜೋಪಾನವಾಗಿಟ್ಟುಕೊಳ್ಳಿ.

ಹೆಜ್ಜೆ 4: ಕೆಲಸ ಹುಡುಕುವುದು

ನಿಜವಾದ ಕಷ್ಟ ಇಲ್ಲಿದೆ. ಸುಮ್ನೆ ನೂರು ಕಡೆ ರೆಸ್ಯೂಮೆ ಎಸೆದರೆ ಏನೂ ಬರುವುದಿಲ್ಲ.

ಕೇಂದ್ರ ಸರ್ಕಾರದ ಜಾಬ್ ಬ್ಯಾಂಕ್, ಪ್ರಾಂತ್ಯದ ಸಸ್ಕ್‌ಜಾಬ್ಸ್, ಈ ಎರಡೂ ವೆಬ್‌ಸೈಟು ಪ್ರತಿದಿನ ನೋಡಿ. ಆರೋಗ್ಯ ಕ್ಷೇತ್ರದವರಾದರೆ ಸಸ್ಕಾಚೆವನ್ ಹೆಲ್ತ್ ಅಥಾರಿಟಿಯ ಸ್ವಂತ ಉದ್ಯೋಗ ಪುಟ. 2017ರ ಕೊನೆಯಲ್ಲಿ 12 ಪ್ರಾದೇಶಿಕ ಆರೋಗ್ಯ ಸಂಸ್ಥೆಗಳನ್ನು ಸೇರಿಸಿ ಇದನ್ನು ಮಾಡಿದರು, ಹಾಗಾಗಿ ಪ್ರಾಂತ್ಯದ ಬಹುಪಾಲು ಆಸ್ಪತ್ರೆಯ ಕೆಲಸ ಒಂದೇ ಕಡೆ ಸಿಗುತ್ತದೆ. ರಿಜೈನಾ, ಸಸ್ಕಟೂನ್ ಎರಡನ್ನೇ ನೋಡಬೇಡಿ. ಯಾರ್ಕ್‌ಟನ್, ಸ್ವಿಫ್ಟ್ ಕರೆಂಟ್, ಪ್ರಿನ್ಸ್ ಆಲ್ಬರ್ಟ್, ಎಸ್ಟೆವನ್, ಇಂಥ ಸಣ್ಣ ಊರುಗಳಲ್ಲಿ ಜನ ಸಿಗದೆ ಒದ್ದಾಡುತ್ತಾರೆ. ಮನೆ ಬಾಡಿಗೆಯೂ ಕಡಿಮೆ. ಎಸ್ಟೆವನ್ ಸುತ್ತ ಎಣ್ಣೆ ಮತ್ತು ಕಲ್ಲಿದ್ದಲು, ಅಲ್ಲಿ ವೆಲ್ಡರ್, ಮೆಕ್ಯಾನಿಕ್‌ಗಳಿಗೆ ಕೆಲಸ ಇರುತ್ತದೆ.

ರೆಸ್ಯೂಮೆ ಎರಡು ಪುಟ ಸಾಕು. ಫೋಟೋ, ಅಪ್ಪನ ಹೆಸರು, ಜಾತಿ, ಮದುವೆ ಆಗಿದೆಯೋ ಇಲ್ಲವೋ, ಇದೊಂದೂ ಬೇಡ. ಮೊದಲ ನಾಲ್ಕು ಸಾಲಿನಲ್ಲೇ ನಿಮ್ಮ ಲೈಸೆನ್ಸ್ ಯಾವ ಹಂತದಲ್ಲಿದೆ ಅಂತ ಬರೆಯಿರಿ. ಪ್ರಾಂತ್ಯದ ಕಾರ್ಯಕ್ರಮದ ಬಗ್ಗೆ ಅವರಿಗೆ ಗೊತ್ತಿರಲೇಬೇಕು ಅಂತಿಲ್ಲ. ಸಣ್ಣ ಊರಿನ ವರ್ಕ್‌ಶಾಪ್ ಮಾಲೀಕರಿಗೆ ಎಸ್‌ಐಎನ್‌ಪಿ ಹೆಸರು ಕೇಳಿದರೇ ಇದೊಂದು ದೊಡ್ಡ ತಾಪತ್ರಯ ಅನ್ನಿಸಬಹುದು. ಸಂದರ್ಶನದಲ್ಲಿ ಕೆಲಸದ ಮಾತು ಮುಗಿದ ಮೇಲೆ, ಅವರು ಏನೇನು ಮಾಡಬೇಕಾಗುತ್ತದೆ ಅಂತ ಮೂರು ವಾಕ್ಯದಲ್ಲಿ ನೀವೇ ಹೇಳಿಕೊಡಿ. ನನಗೆ ಪರಿಚಯದ ಒಬ್ಬ ಹೆವಿ ಮೆಷಿನ್ ಮೆಕ್ಯಾನಿಕ್, ಹುಬ್ಬಳ್ಳಿ ಕಡೆಯವರು, ಹಾಗೆ ಮಾಡಿಯೇ ಬಂದರು. ಮಾಲೀಕರಿಗೆ ಸರ್ಕಾರದ ಪುಟದ ಲಿಂಕ್ ಕಳಿಸಿ, ಎರಡು ವಾರ ಬಿಟ್ಟು ಮತ್ತೆ ಫೋನ್ ಮಾಡಿ, ತಾಳ್ಮೆಯಿಂದ ವಿವರಿಸಿದ್ದರು. ಅವರ ತಾಳ್ಮೆ ನೆನೆಸಿಕೊಂಡರೆ ಈಗಲೂ ಹೆಮ್ಮೆ ಆಗುತ್ತದೆ.

ಆಫರ್ ಪೂರ್ಣಾವಧಿಯದಾಗಿರಬೇಕು, ಕಾಯಂ ಆಗಿರಬೇಕು. ಋತುವಿಗೆ ತಕ್ಕಂತೆ ಬರುವ ಕೆಲಸ ನಡೆಯುವುದಿಲ್ಲ. ಸಂಬಳ ಆ ಹುದ್ದೆಗೆ ಪ್ರಾಂತ್ಯದಲ್ಲಿ ಸಾಮಾನ್ಯವಾಗಿ ಕೊಡುವ ಮಟ್ಟದಲ್ಲಿರಬೇಕು. ಜಾಬ್ ಬ್ಯಾಂಕ್‌ನಲ್ಲಿ ಪ್ರತಿ ಹುದ್ದೆಯ ಗಂಟೆಯ ಸಂಬಳ ಊರುವಾರು ಸಿಗುತ್ತದೆ, ಹೋಲಿಸಿ ನೋಡಿ.

ಹೆಜ್ಜೆ 5: ಕೆಲಸಕ್ಕೆ ಹಣ ಕೊಡಬೇಡಿ

ಬೇರೆಲ್ಲ ಬಿಟ್ಟು ಇದೊಂದನ್ನು ಓದಿದರೂ ಸಾಕು ನನಗೆ.

ನನ್ನ ಚಿಕ್ಕಪ್ಪನ ಮಗ ಹಾಸನದವನು. ಒಂದು ಕನ್ಸಲ್ಟೆನ್ಸಿಯವರು ಸಸ್ಕಾಚೆವನ್‌ನ ಒಂದು ಸಣ್ಣ ಊರಿನಲ್ಲಿ ರೆಸ್ಟೋರೆಂಟ್ ಸೂಪರ್‌ವೈಸರ್ ಆಫರ್ ತೋರಿಸಿದರು. ಒಟ್ಟು ಒಂಬತ್ತು ಲಕ್ಷ ಕೇಳಿದರು. ಚಿಕ್ಕಪ್ಪ ಕಾಫಿ ತೋಟದ ಮೇಲೆ ಸಾಲ ಮಾಡಿ ಮೊದಲ ಕಂತು ನಾಲ್ಕು ಲಕ್ಷ ಕಟ್ಟಿದರು. ನನಗೆ ಹೇಳಿದ್ದು ಕಟ್ಟಿದ ಮೇಲೆ. ಅಷ್ಟರಲ್ಲಿ ಹೋಟೆಲ್ ಕ್ಷೇತ್ರಕ್ಕೆ ಮಿತಿ ಬಂದಿತ್ತು, ಹೊರಗಿನಿಂದ ಬರುವವರಿಗೆ ಬಾಗಿಲು ಮುಚ್ಚಿತ್ತು. ಏಜೆಂಟರು ಇನ್ನೂ "ಪ್ರೊಸೆಸ್ ಆಗುತ್ತಿದೆ" ಅನ್ನುತ್ತಲೇ ಇದ್ದರು. ನಾನು ಆ ಊರಿಗೆ ಕಾರು ಓಡಿಸಿಕೊಂಡು ಹೋಗಿ ನೋಡಿದೆ. ರೆಸ್ಟೋರೆಂಟ್ ನಿಜವಾಗಿಯೂ ಇತ್ತು, ಆದರೆ ಅಲ್ಲಿದ್ದವರಿಗೆ ನನ್ನ ತಮ್ಮನ ಹೆಸರೇ ಗೊತ್ತಿರಲಿಲ್ಲ. ಆ ನಾಲ್ಕು ಲಕ್ಷದಲ್ಲಿ ಒಂದೂವರೆ ವಾಪಸ್ ಬಂತು. ಉಳಿದದ್ದನ್ನು ಚಿಕ್ಕಪ್ಪ ಈಗಲೂ ತೀರಿಸುತ್ತಿದ್ದಾರೆ.

ಸಸ್ಕಾಚೆವನ್‌ನಲ್ಲಿ ಇದಕ್ಕೆ ಗಟ್ಟಿ ಕಾನೂನು ಇದೆ. 2013ರಿಂದಲೇ ಇತ್ತು, 2024ರ ಜುಲೈ 1ರಿಂದ ಇಮಿಗ್ರೇಷನ್ ಸರ್ವಿಸಸ್ ಆಕ್ಟ್ ಅನ್ನುವ ಹೊಸ ಕಾಯ್ದೆ ಜಾರಿಯಲ್ಲಿದೆ. ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರನಿಂದ ಹಣ ತೆಗೆದುಕೊಳ್ಳುವಂತಿಲ್ಲ. ಉದ್ಯೋಗದಾತರೂ ಆ ಖರ್ಚನ್ನು ನಿಮ್ಮ ಸಂಬಳದಿಂದ ಮುರಿಯುವಂತಿಲ್ಲ. ವಲಸೆಯ ಅರ್ಜಿ ತುಂಬಿಕೊಡಲು ಸಲಹೆಗಾರರಿಗೆ ಶುಲ್ಕ ಕೊಡುವುದು ಬೇರೆ ವಿಷಯ, ಅದು ಸರಿ. ಆದರೆ ಅವರು ಪರವಾನಗಿ ಇರುವ ಸಲಹೆಗಾರರಾಗಿರಬೇಕು, ಆರ್‌ಸಿಐಸಿ ಅನ್ನುತ್ತಾರೆ. ಅವರ ಹೆಸರು ಮತ್ತು ನಂಬರ್ ಕೆನಡಾದ ವಲಸೆ ಮತ್ತು ಪೌರತ್ವ ಸಲಹೆಗಾರರ ಕಾಲೇಜಿನ ಪಟ್ಟಿಯಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ. ಎರಡು ನಿಮಿಷದ ಕೆಲಸ, ಹುಡುಕಿ ನೋಡಿ.

ಭಾರತದ ಕಡೆಯಿಂದಲೂ ಒಂದು ತಡೆ ಇದೆ. ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು, ಇ-ಮೈಗ್ರೇಟ್ ಪುಟದಲ್ಲಿ ಪಟ್ಟಿ ಇದೆ. ಅವರೂ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ತೆಗೆದುಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಕೇಳಿದವರ ಹತ್ತಿರ ರಸೀದಿ ಕೇಳಿ. ಅಲ್ಲೇ ಅರ್ಧ ಗೊತ್ತಾಗುತ್ತದೆ.

ಸುಳ್ಳು ಆಫರ್ ಇಟ್ಟುಕೊಂಡು ಅರ್ಜಿ ಹಾಕಿ ಸಿಕ್ಕಿಬಿದ್ದರೆ ಹಣ ಹೋಗುವುದು ಮಾತ್ರ ಅಲ್ಲ. ಕೆನಡಾ 5 ವರ್ಷ ಒಳಗೆ ಬಿಡುವುದಿಲ್ಲ. ಸಹಿ ನಿಮ್ಮದು, ಆದ್ದರಿಂದ ಶಿಕ್ಷೆಯೂ ನಿಮಗೇ. ಏಜೆಂಟ್ ತುಂಬಿದ ಅರ್ಜಿಯ ಪ್ರತಿ ಪುಟವನ್ನೂ ಕಳಿಸುವ ಮೊದಲು ಓದಿ. ಪೋರ್ಟಲ್‌ನ ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ.

ಹೆಜ್ಜೆ 6: ಉದ್ಯೋಗದಾತರ ಕಾಗದ, ಆಮೇಲೆ ನಿಮ್ಮ ಅರ್ಜಿ

ಕ್ರಮ ಹೀಗಿದೆ. ಕಂಪನಿ ಮೊದಲು ಪ್ರಾಂತ್ಯದಲ್ಲಿ ವಿದೇಶಿ ಕೆಲಸಗಾರರನ್ನು ತೆಗೆದುಕೊಳ್ಳಲು ನೋಂದಣಿ ಮಾಡಿಸಬೇಕು. ಆಮೇಲೆ ನಿಮ್ಮ ಹುದ್ದೆಗೆ ಜಾಬ್ ಅಪ್ರೂವಲ್ ಅರ್ಜಿ ಹಾಕಬೇಕು. ಇಲ್ಲಿಯವರು ಸಿಗಲಿಲ್ಲವೇ, ಸಂಬಳ ಸರಿಯೇ, ಕಂಪನಿ ನಿಜವಾಗಿ ನಡೆಯುತ್ತಿದೆಯೇ, ಮಿತಿಯ ಕ್ಷೇತ್ರವಾದರೆ ಪಾಲು ಉಳಿದಿದೆಯೇ ಅಂತ ಅಧಿಕಾರಿಗಳು ನೋಡುತ್ತಾರೆ. ಒಪ್ಪಿದರೆ ಜಾಬ್ ಅಪ್ರೂವಲ್ ಲೆಟರ್ ಬರುತ್ತದೆ. ಆ ಪತ್ರ ಕೈಗೆ ಬರುವ ತನಕ ನಿಮ್ಮ ಆಫರ್ ಲೆಟರ್ ಎಷ್ಟೇ ಚೆಂದದ ಲೆಟರ್‌ಹೆಡ್‌ನಲ್ಲಿದ್ದರೂ ಆ 30 ಅಂಕ ಸಿಗುವುದಿಲ್ಲ.

ಪತ್ರ ಬಂದ ಮೇಲೆ ನೀವು ಪ್ರಾಂತ್ಯದ ಆನ್‌ಲೈನ್ ಪೋರ್ಟಲ್‌ನಲ್ಲಿ ಖಾತೆ ತೆರೆದು ಅರ್ಜಿ ಹಾಕುತ್ತೀರಿ. ಪತ್ರದಲ್ಲಿರುವ ಹುದ್ದೆ, ಸಂಬಳ, ಗಂಟೆಗಳು ನಿಮ್ಮ ಆಫರ್‌ನಲ್ಲಿ ಇರುವುದಕ್ಕೆ ಅಕ್ಷರಶಃ ತಾಳೆಯಾಗಬೇಕು. ಕನ್ನಡ ಕಾಗದ ಇದ್ದರೆ, ಮದುವೆಯದೋ ಜನನದ್ದೋ, ಪ್ರಮಾಣೀಕರಿಸಿದ ಅನುವಾದ ಜೊತೆಗಿರಲಿ. ಒಂದು ಕಾಗದ ಕಡಿಮೆಯಾದರೂ ಅರ್ಜಿ ವಾಪಸ್ ಬರಬಹುದು. ಸೀಟು ಕಡಿಮೆ ಇರುವ ವರ್ಷದಲ್ಲಿ ಹಾಗೆ ವಾಪಸ್ ಬಂದರೆ ತುಂಬಾ ದುಬಾರಿ.

ಹೆಜ್ಜೆ 7: ನಾಮಿನೇಷನ್ ಬಂದ ಮೇಲೆ

ಇನ್ನು ಕೇಂದ್ರದ ಕೆಲಸ. ಜಾಬ್ ಆಫರ್ ವಿಭಾಗದಿಂದ ಬಂದ ನಾಮಿನೇಷನ್ ಎಕ್ಸ್‌ಪ್ರೆಸ್ ಎಂಟ್ರಿಯ ಹೊರಗಿನದು. ಅದಕ್ಕೆ ಪಿಆರ್ ಪೋರ್ಟಲ್‌ನಲ್ಲಿ ಬೇರೆಯಾಗಿ ಅರ್ಜಿ. ಕಾಯುವುದು ಜಾಸ್ತಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಆ ನಡುವೆ ಬಂದು ಕೆಲಸಕ್ಕೆ ಸೇರಲು ಪ್ರಾಂತ್ಯ ಒಂದು ಬೆಂಬಲ ಪತ್ರ ಕೊಡುತ್ತದೆ, ಅದರ ಮೇಲೆ ಎಲ್‌ಎಂಐಎ, ಅಂದರೆ ಇಲ್ಲಿಯವರು ಸಿಗಲಿಲ್ಲ ಅಂತ ಕೇಂದ್ರ ಕೊಡುವ ಒಪ್ಪಿಗೆ, ಇಲ್ಲದೆ ವರ್ಕ್ ಪರ್ಮಿಟ್ ಕೇಳಬಹುದು. ಅದಕ್ಕೆ ಕಂಪನಿ ಕೇಂದ್ರದ ಪೋರ್ಟಲ್‌ನಲ್ಲಿ ಆಫರ್ ದಾಖಲಿಸಿ 230 ಡಾಲರ್ ಕಟ್ಟಬೇಕು. ಅದು ಕಂಪನಿಯ ಖರ್ಚು, ನಿಮ್ಮದಲ್ಲ.

ಬಯೋಮೆಟ್ರಿಕ್‌ಗೆ ಬೆಂಗಳೂರಿನ ವಿಎಫ್‌ಎಸ್ ಕೇಂದ್ರಕ್ಕೆ ಹೋಗಬೇಕು, ಒಬ್ಬರಿಗೆ 85 ಕೆನಡಾ ಡಾಲರ್. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಮೂಲಕ. ಗಲ್ಫ್‌ನಲ್ಲೋ ಬೇರೆಲ್ಲೋ 6 ತಿಂಗಳು ಅಥವಾ ಹೆಚ್ಚು ಇದ್ದಿದ್ದರೆ ಆ ದೇಶದ್ದೂ ಬೇಕಾಗುತ್ತದೆ. ಅದನ್ನು ತರಿಸುವುದೇ ದೊಡ್ಡ ಕೆಲಸ, ಬೇಗ ಶುರು ಮಾಡಿ. ಮೆಡಿಕಲ್ ಯಾವ ಡಾಕ್ಟರ ಹತ್ತಿರ ಮಾಡಿಸಿದರೂ ನಡೆಯುವುದಿಲ್ಲ, ಕೆನಡಾ ಗುರುತಿಸಿದ ಡಾಕ್ಟರೇ ಆಗಬೇಕು.

ಗಂಡ ಅಥವಾ ಹೆಂಡತಿಯ ಕೆಲಸದ ಬಗ್ಗೆ ಎಲ್ಲರೂ ಹಳೆಯ ಮಾತನ್ನೇ ನಂಬಿಕೊಂಡಿದ್ದಾರೆ. 2025ರ ಜನವರಿ 21ರಿಂದ ಸಂಗಾತಿಗೆ ಓಪನ್ ವರ್ಕ್ ಪರ್ಮಿಟ್, ಅಂದರೆ ಯಾವ ಕಂಪನಿಯಲ್ಲಾದರೂ ದುಡಿಯುವ ಪರ್ಮಿಟ್, ಎಲ್ಲರಿಗೂ ಸಿಗುವುದಿಲ್ಲ. ಪಿಆರ್‌ಗೆ ಸಾಗುತ್ತಿರುವ ಕೆಲಸಗಾರರ ಸಂಗಾತಿಗೆ ಈ ಬದಲಾವಣೆ ತಟ್ಟುವುದಿಲ್ಲ ಅಂತ ಕೇಂದ್ರ ಹೇಳಿದೆ, ಉಳಿದವರಿಗೆ ಹೀಗೆ. ಕೆಲಸದ ಪರ್ಮಿಟ್‌ನವರ ಹುದ್ದೆ ಮೇಲಿನ ದರ್ಜೆಯದಾಗಿರಬೇಕು, ಅಂದರೆ ಕೆನಡಾ ಹುದ್ದೆಗಳಿಗೆ ಕೊಡುವ ಟೀಯರ್ ಅನ್ನುವ ದರ್ಜೆಯಲ್ಲಿ 0 ಅಥವಾ 1. ಟೀಯರ್ 2 ಮತ್ತು 3ರಲ್ಲಿ ಕೆಲವು ಹುದ್ದೆಗಳಿಗೆ ಮಾತ್ರ. ಅವರ ಪರ್ಮಿಟ್‌ನಲ್ಲಿ ಕನಿಷ್ಠ 16 ತಿಂಗಳು ಉಳಿದಿರಬೇಕು. ನರ್ಸ್ ಹುದ್ದೆ ಟೀಯರ್ 1. ಬೇರೆಯವರು ಕೆನಡಾದ ಹುದ್ದೆಗಳ ಪಟ್ಟಿಯಲ್ಲಿ ತಮ್ಮ ಹುದ್ದೆಯ ಸಂಖ್ಯೆ ಹಾಕಿ ನೋಡಿಕೊಳ್ಳಿ. ಇಬ್ಬರೂ ದುಡಿಯುತ್ತೇವೆ ಅಂತ ಲೆಕ್ಕ ಹಾಕಿ ಮನೆ ಬಾಡಿಗೆಗೆ ಸಹಿ ಹಾಕಿದವರು ಇದರಲ್ಲಿ ಸಿಕ್ಕಿಕೊಂಡಿದ್ದಾರೆ.

ಕೆಲಸ ಮುರಿದುಬಿದ್ದರೆ

ಉದ್ಯೋಗದಾತರನ್ನೇ ನಂಬಿದ ದಾರಿಯಲ್ಲಿ ಇರುವ ಅಪಾಯ ಇದು. ಪಿಆರ್ ಬರುವ ಮೊದಲು ಕೆಲಸ ಹೋದರೆ ನಾಮಿನೇಷನ್ ಹಿಂದಕ್ಕೆ ತೆಗೆದುಕೊಳ್ಳಬಹುದು. ಮುಚ್ಚಿಡಬೇಡಿ. ಪ್ರಾಂತ್ಯದ ಕಚೇರಿಗೆ ತಕ್ಷಣ ಬರೆದು ತಿಳಿಸಿ, ಹೊಸ ಕೆಲಸ ಹುಡುಕಲು ಸಮಯ ಕೇಳಿ. ತಾವಾಗಿ ತಿಳಿಸಿದವರ ಮಾತಿಗೆ ಬೆಲೆ ಇರುತ್ತದೆ, ಅವರಾಗಿ ಕಂಡುಹಿಡಿದರೆ ಇರುವುದಿಲ್ಲ.

ಈ ಭಯವನ್ನೇ ಹಿಡಿದು ಆಟವಾಡಿಸುವ ಮಾಲೀಕರೂ ಇದ್ದಾರೆ. ಓವರ್‌ಟೈಮ್ ಕೊಡುವುದಿಲ್ಲ, ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತಾರೆ, ಸಂಬಳದಲ್ಲಿ ಅರ್ಧ ನಗದಾಗಿ ವಾಪಸ್ ಕೇಳುತ್ತಾರೆ. ನಮ್ಮವರು ಪಿಆರ್ ಬರಲಿ ಅಂತ ಹಲ್ಲು ಕಚ್ಚಿ ಸಹಿಸುತ್ತಾರೆ. ದಯವಿಟ್ಟು ಸಹಿಸಬೇಡಿ. ಇಂಥ ಶೋಷಣೆಗೆ ಒಳಗಾದವರಿಗೆ ಆ ಮಾಲೀಕರನ್ನು ಬಿಟ್ಟು ಬೇರೆ ಕಡೆ ದುಡಿಯಲು 2019ರಿಂದ ಒಂದು ವಿಶೇಷ ಓಪನ್ ವರ್ಕ್ ಪರ್ಮಿಟ್ ಇದೆ. ಸಂಬಳದ ಚೀಟಿ, ವಾಟ್ಸಾಪ್ ಸಂದೇಶ, ಎಷ್ಟು ಗಂಟೆ ದುಡಿದಿರಿ ಅನ್ನುವ ಲೆಕ್ಕ, ಎಲ್ಲ ಇಟ್ಟುಕೊಳ್ಳಿ. ಒಂದು ಸಣ್ಣ ಪುಸ್ತಕದಲ್ಲಿ ಪ್ರತಿದಿನದ ಗಂಟೆ ಬರೆದಿಟ್ಟರೂ ಸಾಕು, ಅದೇ ಸಾಕ್ಷಿಯಾಗುತ್ತದೆ.

ಬರುವುದು ಖಚಿತವಾದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ ಇಳಿಯುವವರು ಬೆಂಗಳೂರಿನಲ್ಲಿ ದಪ್ಪ ಜಾಕೆಟ್ ಕೊಳ್ಳಬೇಡಿ. ಮೈನಸ್ 30ಕ್ಕೆ ಅದು ತಡೆಯುವುದಿಲ್ಲ. ಇಲ್ಲಿ ಬಂದು ಕೊಳ್ಳಿ. ವಿಮಾನ ನಿಲ್ದಾಣಕ್ಕೆ ಕರೆಯಲು ಬರುವವರಿಗೆ ಒಂದು ಜಾಕೆಟ್, ಕೈಗವಸು ತರಲು ಹೇಳಿ. ಸಸ್ಕಟೂನ್‌ನಲ್ಲಿ ಯಾರೂ ಗೊತ್ತಿಲ್ಲದಿದ್ದರೆ ಇಲ್ಲಿಯ ಕನ್ನಡದವರನ್ನು ಕೇಳಿ, ಯಾರಾದರೂ ಬಂದೇ ಬರುತ್ತಾರೆ.